ಕಯಾಕಿನ ಮುಂದಿನ ಸೀಟು

ಬಂದರಿನ ಹಿಂದಿನ ಬೀದಿ, ಮಹಡಿ ಮನೆ
ಭಾನುವಾರ, ತಾರೀಕು ೧೪

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಆ ಸಪೂರ ಕಯಾಕ್ ದೋಣಿಯಲ್ಲಿ ಕಾಲು ಚಾಚಿ ಕೂತರೆ ನಿಮಗೆ ಸೊಂಟ ಹಿಡಿದುಕೊಳ್ಳುತ್ತದೆ. ದಡಕ್ಕೆ ಬಂದ ಮೇಲೆ ಸ್ವಲ್ಪ ಹೊತ್ತು ಬಾತುಕೋಳಿಯ ಹಾಗೆ ನಡೆಯುತ್ತೀರಿ. ನೀವು ಮೀನು ಹಿಡಿಯಲು ಕರೆದೊಯ್ಯುವ ವಸತಿಗೃಹದ ಅತಿಥಿಗಳೂ ಅದನ್ನು ನೋಡಿ ಬೆನ್ನ ಹಿಂದೆ ನಗುತ್ತಿರಬಹುದು. ಮಲಗುವ ಮುಂಚೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಕತ್ತಿನ ಹಿಂಭಾಗ ಬಿಸಿಲಿಗೆ ಸುಲಿಯುತ್ತದೆ, ಕಾಲರ್ ಎತ್ತಿಕೊಳ್ಳಿ. ಇದನ್ನೆಲ್ಲ ನೆನಪಿಸುವವರು ಅಲ್ಲಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ನಾನು, ನಿಮ್ಮಮ್ಮ ಇಬ್ಬರೂ ಚೆನ್ನಾಗಿದ್ದೇವೆ. ‘ಪ್ರೀತಿಯ’ ಎಂದು ಬರೆಯುವ ಮುಂಚೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕಾಗದಕ್ಕೆ ಒಂದು ತಲೆ ಅಂತ ಬೇಕಲ್ಲ ಎಂದು ಬರೆದಿದ್ದೇನೆ, ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ.

ನಿಮ್ಮ ಕಾಗದ ಗುರುವಾರ ಬಂತು. ಟಾರ್ಪಾಲು ಹೊಲಿಯುವ ಕೆಲಸ ಮುಗಿಸಿಕೊಂಡು ಬಂದವಳು ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೇ ಕೂತು ಓದಿದೆ. ಆಮೇಲೆ ಒಳಗೆ ಹೋಗಿ ನಿಮ್ಮಮ್ಮನಿಗೆ ಓದಿ ಹೇಳಿದೆ, ಯಾಕೆಂದರೆ ಹತ್ತಿರದ ಅಕ್ಷರ ಅವರಿಗೆ ಇನ್ನೂ ಮಂಜು ಮಂಜು. ಕಾಗದದ ಎರಡೂ ಬದಿ ತುಂಬಿಸಿದ್ದೀರಿ. ಅಲ್ಲಿಯ ಬಂದರು ನಮ್ಮದಕ್ಕಿಂತ ದೊಡ್ಡದು, ನೀರು ಕನ್ನಡಿಯಂತಿದೆ, ಮೀನು ಬೇಕಾದಷ್ಟಿದೆ, ಆದರೆ ನಿಮ್ಮ ಗಾಳಕ್ಕೆ ಮಾತ್ರ ಬೀಳುತ್ತಿಲ್ಲ. ನಿಮ್ಮ ಕಯಾಕ್ ಮುಂದೆ, ಅತಿಥಿಗಳ ಕಯಾಕುಗಳು ಹಿಂದೆ ಹಿಂದೆ ಬರುತ್ತವೆ, ಎಲ್ಲರೂ ನಿಮ್ಮ ಗಾಳದ ಕೋಲಿನ ತುದಿಯನ್ನೇ ನೋಡುತ್ತಾರೆ, ಅದು ಬಾಗುವುದೇ ಇಲ್ಲ. ವಸತಿಗೃಹದ ಯಜಮಾನ ಈಗೀಗ ನಿಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. ಅತಿಥಿಗಳು ಹೀಗೇ ಬರಿಗೈಯಲ್ಲಿ ವಾಪಸಾದರೆ ಈ ಸೀಸನ್ ಮುಗಿದ ಮೇಲೆ ನಿಮ್ಮನ್ನು ಇಟ್ಟುಕೊಳ್ಳುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾನೆ. ಅದಕ್ಕೆ ಮನೆಯಲ್ಲಿರುವ ಹಳೆಯ ಜೋಡಿ ಸೀಟಿನ ಕಯಾಕನ್ನೂ ಗಾಳಕ್ಕೆ ಕಟ್ಟುವ ಗೊಂಬೆಮೀನುಗಳ ಪೆಟ್ಟಿಗೆಯನ್ನೂ ಬುಧವಾರ ಬರುವ ಲಾರಿಗೆ ಹಾಕಿಕೊಡಬೇಕು, ಕಯಾಕಿಗೆ ಕಂಬಳಿ ಸುತ್ತಬೇಕು, ತಳಕ್ಕೆ ಗೀರು ಬೀಳಬಾರದು. ಕಂಬಳಿ ಹೇಗೆ ಸುತ್ತಬೇಕು ಎಂಬುದಕ್ಕೇ ಐದಾರು ಸಾಲು ಇದೆ. ಕೊನೆಯಲ್ಲಿ ನನಗೂ ಒಂದು ಸಾಲು ಸಿಕ್ಕಿದೆ. ‘ನೀನು ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ.’ ಕೇಳಲೂ ಇಲ್ಲ, ಅಂದುಕೊಂಡಿದ್ದೀರಿ.

ನಿಮ್ಮಮ್ಮನ ಕಣ್ಣಿನ ವಿಷಯ ನೀವು ಕೇಳದಿದ್ದರೂ ಹೇಳುತ್ತೇನೆ. ಆಪರೇಷನ್ ಎರಡೂ ಕಣ್ಣಿಗೆ ಆಯಿತು. ಮೊದಲನೆಯ ಕಣ್ಣಿನ ದಿನ ನೀವು ಬರುತ್ತೀರೆಂದು ಆಸ್ಪತ್ರೆಯ ಬೆಂಚಿನ ಮೇಲೆ ಅವರು ನನ್ನ ಪಕ್ಕದಲ್ಲಿ ಚೀಲ ಇಟ್ಟು ನಿಮಗೆ ಜಾಗ ಹಿಡಿದಿದ್ದರು. ನರ್ಸು ಚೀಲ ತೆಗೀರಿ ಎಂದಾಗಲೂ ತೆಗೆಯಲಿಲ್ಲ. ಅತಿಥಿಗಳ ಕಾಟ, ಬಿಡುವಿಲ್ಲ ಎಂಬ ನಿಮ್ಮ ಕಾಗದ ಅದಾದ ಮೇಲೆ ಬಂತು. ಎರಡನೆಯ ಕಣ್ಣಿಗೆ ಅವರು ಜಾಗ ಹಿಡಿಯಲಿಲ್ಲ, ನನ್ನ ಕೈ ಹಿಡಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಅವರ ಹುರುಪು ಹೇಳತೀರದು. ಬಂದರಿನ ಕ್ಯಾಂಟೀನಿನಲ್ಲಿ ಅಷ್ಟು ವರ್ಷ ದೊಡ್ಡ ಪಾತ್ರೆಗಳ ಆವಿಯಲ್ಲಿ ಬೆಂದ ಕಣ್ಣು, ಈಗ ಎದುರು ಮಹಡಿಯವರು ಒಣಹಾಕಿದ ಬಟ್ಟೆಯ ತೇಪೆ ಎಣಿಸುತ್ತದೆ. ನಾನು ಅಡುಗೆಮನೆ ಎಷ್ಟು ಕೊಳಕಾಗಿ ಇಟ್ಟುಕೊಂಡಿದ್ದೇನೆ ಎಂಬುದೂ ಕಂಡಿದೆ, ಒಂದು ವಾರ ಅದೇ ಮಾತಾಯಿತು. ಈಗಲೂ ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತ ಕೂತು, ಏನು ಬರೆದೆ ಓದು, ಏನು ಬರೆದೆ ಓದು ಎಂದು ಜೀವ ತಿನ್ನುತ್ತಿದ್ದಾರೆ. ಓದುತ್ತಲೇ ಇದ್ದೇನೆ. ಅಡುಗೆಮನೆಯ ಸಾಲಿಗೆ ನಕ್ಕರು.

ನಿಮಗೆ ಕೆಲಸ ಕೊಡಿಸಿದ ಆ ಫೋಟೋ ಯಜಮಾನನ ಗೋಡೆಯ ಮೇಲೆ ಇನ್ನೂ ಇದೆಯೇ? ಜೆಟ್ಟಿಯ ಮೇಲೆ ನಿಂತು ತೊಡೆಯುದ್ದದ ಮೀನನ್ನು ಎರಡೂ ಕೈಯಲ್ಲಿ ಹಿಡಿದಿದ್ದೀರಲ್ಲ, ಅದು. ಬಲ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ, ಯಾರಾದರೂ ಕೇಳಿದರೆ ಅದು ನನ್ನದು ಎಂದು ಹೇಳಿ. ಹುಟ್ಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಸ್ವಲ್ಪ ಆ ಕಡೆ ಸರಿ ಎಂದಿರಿ, ಸರಿದೆ. ಬಂದರಿನವರೆಲ್ಲ ನಿಮ್ಮನ್ನು ‘ಬಂದರಿನ ಬೆಕ್ಕು’ ಎಂದು ಕರೆಯುತ್ತಿದ್ದರು, ಬರಿಗೈಯಲ್ಲಿ ಮನೆಗೆ ಹೋಗದ ಗಂಡಸು ಎಂದು. ನೀವು ಮೀಸೆ ಸವರಿಕೊಂಡು ಎಲ್ಲರಿಗೂ ಪಾಠ ಹೇಳುತ್ತಿದ್ದಿರಿ, ನನಗೆ ಅದು ಬಾಯಿಪಾಠವಾಗಿದೆ. ಕಯಾಕ್ ನಿಧಾನವಾಗಿ ಸಾಗುತ್ತಲೇ ಇರಬೇಕು, ಹಿಂದಿನ ಸೀಟಿನವನು ಕೋಲು ಹಿಡಿದು ಉದ್ದಕ್ಕೆ ದಾರ ಬಿಡಬೇಕು, ದಾರದ ತುದಿಯಲ್ಲಿ ಹೊಟ್ಟೆಗೆ ಗಾಳ ಕಟ್ಟಿದ ಗೊಂಬೆಮೀನು ಜೀವ ಇರುವ ಹಾಗೆ ಈಜುತ್ತ ಬರಬೇಕು, ಯಾವ ಹೊತ್ತಿಗೆ ಯಾವ ಬಣ್ಣದ ಗೊಂಬೆ ಎನ್ನುವುದರಲ್ಲೇ ಇಡೀ ವಿದ್ಯೆ ಇದೆ. ಮುಂದಿನ ಸೀಟಿನಲ್ಲಿ ಕೂತು ಹುಟ್ಟು ಹಾಕುವವರ ಬಗ್ಗೆ ಆ ಪಾಠದಲ್ಲಿ ಒಂದು ಮಾತೂ ಇರಲಿಲ್ಲ. ಕೇಳಿದವರಿಗೆ, ಅದೇನು ಮಹಾ, ಎತ್ತು ಗಾಡಿ ಎಳೆದ ಹಾಗೆ ಎಂದಿದ್ದಿರಿ ಒಮ್ಮೆ. ನಾನು ಅಲ್ಲೇ ಇದ್ದೆ.

ಹನ್ನೊಂದು ವರ್ಷ ಆ ಸೀಟಿನಲ್ಲಿ ಕೂತಿದ್ದೇನೆ. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ನನ್ನ ಎಡ ಭುಜ ಸೊಟ್ಟಗೆ ಕೂಡಿಕೊಂಡಿದೆ ಎಂಬುದು ಮದುವೆಗೆ ಮುಂಚೆಯೇ ನಿಮಗೆ ಗೊತ್ತಿತ್ತು. ಬಲಗೈ ಎಳೆದಷ್ಟು ಎಡಗೈ ಎಳೆಯುವುದಿಲ್ಲ, ದೋಣಿ ಎಡಕ್ಕೆ ವಾಲಿಕೊಂಡು ಹೋಗುತ್ತದೆ, ಆಗ ಬಲಗೈ ಬಿಟ್ಟು ಎಡಕ್ಕೆ ಸಣ್ಣ ಸಣ್ಣದಾಗಿ ಎರಡು ಸಲ ತೋಡಿ ಸರಿಮಾಡಿಕೊಳ್ಳಬೇಕು. ಅಷ್ಟಕ್ಕೇ ಹಿಂದಿನಿಂದ ಶುರುವಾಗುತ್ತಿತ್ತು. “ನೆಟ್ಟಗೆ ಹೋಗೇ, ಹಾವಿನ ಥರ ಹೋಗ್ತೀಯಲ್ಲ.” ಆ ಮಾತು ಕೇಳಿ ಕೇಳಿ ನನ್ನ ಬೆನ್ನಿಗೇ ಕಿವಿ ಬಂದಿತ್ತು. ನೀವು ಅದೊಂದನ್ನು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ, ನಾನಂತೂ ಮಾತೇ ಆಡುವಂತಿರಲಿಲ್ಲ, ಮೀನು ಓಡಿಹೋಗುತ್ತದೆ ಎಂದು ನೀರಿಗಿಳಿದ ಕೂಡಲೇ ನನ್ನ ಬಾಯಿಗೆ ಬೀಗ. ಒಮ್ಮೆ ದಾರ ಬೀಸುವಾಗ ಗಾಳ ನನ್ನ ಅಂಗಿಗೆ, ಅಂಗಿಯ ಒಳಗಿನ ಬೆನ್ನಿಗೆ ಚುಚ್ಚಿಕೊಂಡಿತ್ತು, ನೆನಪಿದೆಯೇ? ಅಲುಗಾಡಬೇಡ ಎಂದಿರಿ. ನನ್ನ ನೋವಿಗೆ ಹೇಳಿದಿರಿ ಅಂದುಕೊಂಡೆ. ಗೊಂಬೆಯ ಬೆಳ್ಳಿ ಬಣ್ಣ ಕೆರೆದುಹೋದೀತು ಎಂದು ಸೇರಿಸಿದಿರಿ. ಇಷ್ಟಾದರೂ ಆ ದಿನಗಳು ನನಗೆ ಇಷ್ಟವಾಗಿದ್ದವು ಎಂದು ಬರೆಯಲು ನನಗೇ ನಾಚಿಕೆಯಾಗುತ್ತದೆ. ಹಡಗು ಎಳೆಯುವ ಟಗ್ಗು ಹಾದುಹೋದ ಮೇಲೆ ಬರುವ ಉದ್ದ ಅಲೆ ದೋಣಿಯನ್ನು ಎತ್ತಿ ಇಳಿಸುವಾಗ ಬೆನ್ನ ಹಿಂದೆ ನೀವು ಇದ್ದೀರಿ ಎಂಬುದೊಂದು ಧೈರ್ಯ ನನಗಿತ್ತು.

ನೀವು ಹೊರಟ ದಿನ ಎರಡು ತಿಂಗಳಲ್ಲಿ ಮನೆ ಹುಡುಕಿ ಕರೆಸಿಕೊಳ್ಳುತ್ತೇನೆ ಎಂದಿರಿ. ನಾನು ನಂಬಿ ಅಟ್ಟದಿಂದ ಹಳೆಯ ಟ್ರಂಕು ಇಳಿಸಿ ಒರೆಸಿಟ್ಟೆ. ಒಂದು ವರ್ಷ ದಾಟಿತು, ಟ್ರಂಕಿನಲ್ಲಿ ಈಗ ನಿಮ್ಮಮ್ಮ ಹಳೆಯ ಹಾಸಿಗೆ ತುಂಬಿದ್ದಾರೆ. ಅದಕ್ಕೂ ನನಗೆ ಇಷ್ಟು ಉರಿದಿರಲಿಲ್ಲ. ಈ ಸಲದ ಕಾಗದದಲ್ಲಿ ಮುಂದಿನ ಸೀಟಿಗೆ ಒಬ್ಬ ಹುಡುಗಿ ಸಿಕ್ಕಿದ್ದಾಳೆ ಎಂದು ಬರೆದಿದ್ದೀರಿ. ದೋಣಿ ಪಂದ್ಯಗಳಲ್ಲಿ ಗೆದ್ದವಳಂತೆ, ಭುಜ ಕಬ್ಬಿಣವಂತೆ, ನಿನ್ನ ಹಾಗೆ ಓಲಾಡುವುದಿಲ್ಲ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಹೋಗುತ್ತಾಳೆ, ಆದರೂ ಮೀನು ಯಾಕೆ ಸಿಗುತ್ತಿಲ್ಲವೋ ಕಾಣೆ ಎಂದಿದ್ದೀರಿ. ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅನುಮಾನವೂ ಇಲ್ಲ. ನಿಮ್ಮ ಕಣ್ಣು ಗೊಂಬೆಮೀನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಸೀಟು ಖಾಲಿ ಇತ್ತು, ನಾನು ಇಲ್ಲಿದ್ದೆ, ನಿಮಗೆ ಅದು ಹೊಳೆಯಲೇ ಇಲ್ಲ, ನನಗೆ ಸಹಿಸಲಾಗದ್ದು ಅದು. ಬಾ ಎಂದು ಒಂದಕ್ಷರ ಬರೆದಿದ್ದರೆ ನಿಮ್ಮಮ್ಮನನ್ನೂ ಕರೆದುಕೊಂಡು ಮಾರನೆಯ ದಿನವೇ ಹೊರಟು ಬರುತ್ತಿದ್ದೆ, ದಾರಿಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ.

ನಿಮ್ಮ ಕಯಾಕ್ ಜೆಟ್ಟಿಯ ಕೆಳಗೆ ಮೊಗಚಿಕೊಂಡು ಬಿದ್ದಿದೆ ಎಂದು ನೀವು ತಿಳಿದಿದ್ದೀರಿ. ನೀವು ಹೋಗಿ ಎರಡು ತಿಂಗಳು ತುಂಬಿದ ಭಾನುವಾರ ನಾನೊಬ್ಬಳೇ ಅದನ್ನು ನೀರಿಗಿಳಿಸಿದೆ. ಸಿಟ್ಟು ತಡೆಯಲಾಗದೆ ಇಳಿಸಿದ್ದು, ಮೀನಿಗೆಂದು ಅಲ್ಲ. ಅಲೆ ತಡೆಯುವ ಕಲ್ಲುಗೋಡೆಯವರೆಗೆ ಹೋಗಿ ಅತ್ತು ಬಂದೆ. ಮುಂದಿನ ವಾರ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ಒಂದು ಗೊಂಬೆ ಕಟ್ಟಿಕೊಂಡು ಹೋದೆ, ಕೋಲನ್ನು ಹಿಂದಿನ ಸೀಟಿಗೆ ಸಿಕ್ಕಿಸಿ. ಬಣ್ಣ ಯಾವುದು ಎಂದು ನೋಡಲೂ ಇಲ್ಲ. ನಿಂತ ಹಡಗಿನ ನೆರಳು ದಾಟುವ ಮುಂಚೆ ಕೋಲು ಬಾಗಿತು. ಅಂದಿನಿಂದ ಬರಿಗೈಯಲ್ಲಿ ಬಂದದ್ದು ಅಪರೂಪ. ಹೆಚ್ಚಾದದ್ದನ್ನು ನಮ್ಮ ಟಾರ್ಪಾಲು ಶೆಡ್ಡಿನವರಿಗೆ ಹಂಚುತ್ತೇನೆ. ಶೆಡ್ಡಿನ ಮೇಸ್ತ್ರಿ, ಬೆಕ್ಕು ಹೋದರೂ ಮೀನಿನ ವಾಸನೆ ಹೋಗಿಲ್ಲವಲ್ಲ ಎಂದು ಕೀಟಲೆ ಮಾಡುತ್ತಾನೆ. ಎಲ್ಲರೂ ನೀವು ಬಿಟ್ಟುಹೋದ ಗೊಂಬೆಗಳ ಮಹಿಮೆ ಎನ್ನುತ್ತಾರೆ. ನಾನೂ ಬಹಳ ದಿನ ಹಾಗೇ ನಂಬಿದ್ದೆ.

ಪಟ್ಟಿ ಬಿಚ್ಚಿ, ಡಾಕ್ಟರ ಅಪ್ಪಣೆಯೂ ಸಿಕ್ಕಿದ ಮೇಲೆ ನಿಮ್ಮಮ್ಮ ತಾವೂ ಬರುತ್ತೇನೆ ಎಂದು ಹಟ ಹಿಡಿದರು. ಬೇಡ ಎಂದರೆ ಊಟ ಬಿಡುತ್ತೇನೆ ಎಂದು ಹೆದರಿಸಿದರು, ಬಿಡುವವರಲ್ಲ, ನಿಮಗೆ ಗೊತ್ತು. ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಹಾಕಿಸಿ, ಕಪ್ಪು ಕನ್ನಡಕ ಇಡಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿದರೆ, ತಿರುಗಿ ಕೂತುಬಿಟ್ಟರು. ನನ್ನ ಬೆನ್ನಿಗೆ ಬೆನ್ನು ಕೊಟ್ಟು, ದೋಣಿಯ ಹಿಂಭಾಗಕ್ಕೆ ಮುಖ ಮಾಡಿಕೊಂಡು. ಹೀಗೆ ಯಾರೂ ಕೂರುವುದಿಲ್ಲ ಅತ್ತೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಎದುರಿಗೆ ಬರೋ ಅಲೆ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ ಕಣೇ. ದಾಟಿಹೋದ ಅಲೆ ನನ್ನನ್ನೇನು ಮಾಡುತ್ತೆ?” ಎಂದರು. ಕೋಲನ್ನು ಮಡಿಲಲ್ಲಿಟ್ಟುಕೊಂಡು ದಾರ ಹೋದ ಕಡೆಯೇ ನೋಡುತ್ತ ಕೂತರು. ಇಬ್ಬರೂ ದಾರಿಯುದ್ದಕ್ಕೂ ಹರಟಿದೆವು. ನಿಮ್ಮ ಬಾಲ್ಯದ ಕಳ್ಳತನಗಳೆಲ್ಲ ಹೊರಗೆ ಬಂದವು, ನಾನು ನಕ್ಕ ನಗುವಿಗೆ ದೋಣಿ ಅಲುಗಿತು. ಅಷ್ಟು ಗದ್ದಲದಲ್ಲೂ ಮೀನು ಬಿತ್ತು, ಅದೂ ಎರಡು. ಹನ್ನೊಂದು ವರ್ಷ ನನ್ನ ಬಾಯಿ ಮುಚ್ಚಿಸಿದ್ದು ಯಾತಕ್ಕೆ ಎಂದು ನಾನು ಅಂದು ಮನೆಗೆ ಬಂದು ಪಾತ್ರೆ ತೊಳೆಯುತ್ತ ಯೋಚಿಸಿದೆ.

ಈಗ ವಾರಕ್ಕೆರಡು ಸಲ ಹೋಗುತ್ತೇವೆ. ಸಮುದ್ರದ ಇಳಿತದ ಹೊತ್ತಿನಲ್ಲಿ ಕಲ್ಲುಗೋಡೆಯ ಪಕ್ಕ ನೀರು ತಿಳಿಯಾಗಿರುತ್ತದೆ, ಅಲ್ಲಿ ಗಿಡ್ಡ ದಾರ ಬಿಟ್ಟುಕೊಂಡು ಹೋಗುವಾಗ ನಿಮ್ಮಮ್ಮ ಹೊಸ ಕಣ್ಣಿನಿಂದ ಒಂದು ಸಂಗತಿ ಕಂಡುಹಿಡಿದಿದ್ದಾರೆ. ಹುಟ್ಟು ಹಾಕುವವರೂ ಕೋಲು ಹಿಡಿಯುವವರೂ ಇಬ್ಬರೂ ಮುಂದಕ್ಕೇ ಮುಖ ಮಾಡಿ ಕೂರುವುದರಿಂದ ನಿಮಗಾಗಲಿ ನನಗಾಗಲಿ ಇಷ್ಟು ವರ್ಷ ಅದು ಕಂಡಿರಲಿಲ್ಲ. ನಿಮಗೆ ಅಲ್ಲಿ ಮೀನು ಯಾಕೆ ಸಿಗುತ್ತಿಲ್ಲ, ಇಲ್ಲಿ ಯಾಕೆ ಸಿಗುತ್ತಿತ್ತು ಎಂಬುದು ಅದರಿಂದ ನಮಗೆ ತಿಳಿಯಿತು. ಏನೆಂದು ಬರೆಯಲು ಅವರ ಅಪ್ಪಣೆಯಿಲ್ಲ. ನಿಮ್ಮ ಕಾಗದ ಓದಿದ ದಿನವೇ ನನ್ನ ಮುಂಗೈ ಹಿಡಿದು ಹೇಳಿದರು, ಬೇಕಾದವನು ಬಂದು ಕೇಳಿಕೊಳ್ಳಲಿ ಎಂದು. ಈಗಲೂ ಬೆಳ್ಳುಳ್ಳಿ ಬಿಟ್ಟು ಅದನ್ನೇ ಹೇಳುತ್ತಿದ್ದಾರೆ, ಅವರ ಮಾತಿನಲ್ಲೇ ಹಾಕು ಎನ್ನುತ್ತಾರೆ, ಹಾಕಿದ್ದೇನೆ. “ಅಮ್ಮನ ಕಣ್ಣು ನೋಡೋಕೆ ಬರಲಿಲ್ಲ, ಅಮ್ಮನ ಕಣ್ಣಿಗೆ ಕಂಡಿದ್ದನ್ನ ಕೇಳೋಕಾದ್ರೂ ಬರ್ತಾನೆ ಬಿಡು.” ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಬೆಳ್ಳುಳ್ಳಿಯ ಘಾಟು ಎಂದರು. ಬೆಳ್ಳುಳ್ಳಿಗೆ ಕಣ್ಣಲ್ಲಿ ನೀರು ಬರುವುದನ್ನು ನಾನು ಇದೇ ಮೊದಲು ನೋಡಿದ್ದು.

ಬುಧವಾರ ಲಾರಿ ಬಂದಾಗ ಗೊಂಬೆಮೀನುಗಳ ಪೆಟ್ಟಿಗೆ ಕೊಟ್ಟು ಕಳಿಸುತ್ತೇನೆ, ಎಲ್ಲವೂ ಅದರಲ್ಲಿವೆ, ಒಂದೆರಡಕ್ಕೆ ಬಣ್ಣ ಹೋಗಿದೆ. ಕಯಾಕ್ ಕಳಿಸುವುದಿಲ್ಲ. ಅದರ ಮೇಲೆ ನಿಮ್ಮ ಹಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ, ನೀವು ದುಡಿದು ತಂದದ್ದೇ. ಆದರೆ ವಾರಕ್ಕೆರಡು ದಿನ ಈ ಮನೆಯ ಇಬ್ಬರು ಹೆಂಗಸರು ನಗುವುದು ಅದರಲ್ಲಿ ಕೂತಾಗ ಮಾತ್ರ. ಅದನ್ನು ಕಂಬಳಿ ಸುತ್ತಿ ಲಾರಿಗೆ ಹಾಕಲು ನನ್ನ ಕೈ ಬರುವುದಿಲ್ಲ. ಬಂದು ತೆಗೆದುಕೊಂಡು ಹೋಗಲಿ ಎಂದು ನಿಮ್ಮಮ್ಮ ಹೇಳುತ್ತಾರೆ. ಅದು ಅವರ ಮಾತು, ಬರೆದಿದ್ದೇನೆ.

ಅಮ್ಮ ನಿಮಗೆ ಆಶೀರ್ವಾದ ಹೇಳಿದ್ದಾರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾರೆ, ತಣ್ಣಗಿನ ಊಟ ಮಾಡಬಾರದಂತೆ. ಮೇಸ್ತ್ರಿ ನೆನೆಸಿಕೊಂಡ ಎಂದು ತಿಳಿಸಲು ಹೇಳಿದ. ನನ್ನ ಕಡೆಯಿಂದ ಹೇಳಬೇಕಾದದ್ದು ಮೇಲೆ ಬಂದಿದೆ.

ಇಂತು,
ನಿಮ್ಮ ತಾಯಿಯ ಸೊಸೆ

ತಾ.ಕ.: ಅಂಚೆ ಡಬ್ಬಿಯವರೆಗೆ ತಾವೂ ಬರುತ್ತೇನೆಂದು ನಿಮ್ಮಮ್ಮ ಒಳಗೆ ಸೀರೆ ಬದಲಾಯಿಸುತ್ತಿದ್ದಾರೆ, ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಮೇಲಿನದೆಲ್ಲ ಅವರಿಗೆ ಓದಿ ಹೇಳಿದ್ದೇನೆ, ಇದನ್ನು ಹೇಳುವುದಿಲ್ಲ. ಅವರು ಕಂಡದ್ದು ಇದು. ನನ್ನ ಎಡಗೈ ತಡವರಿಸುವಾಗ ದೋಣಿ ಒಂದು ಗಳಿಗೆ ನಿಧಾನವಾಗುತ್ತದೆ, ದಾರ ಸಡಿಲವಾಗುತ್ತದೆ, ಗೊಂಬೆ ಪೆಟ್ಟು ತಿಂದ ಮೀನಿನ ಹಾಗೆ ಮಗ್ಗುಲಾಗಿ ಕೆಳಗೆ ಜಾರುತ್ತದೆ. ಬಲಗೈ ಎಳೆದ ಕೂಡಲೇ ಬೆಚ್ಚಿಬಿದ್ದು ಓಡುತ್ತದೆ. ದೊಡ್ಡ ಮೀನು ಬಾಯಿ ಹಾಕುವುದು ಆಗಲೇ. ನೆಟ್ಟಗೆ ಹೋಗುವ ಗೊಂಬೆಯ ಹಿಂದೆ ಅವು ಬರುತ್ತವೆ, ನೋಡುತ್ತವೆ, ತಿರುಗಿ ಹೋಗುತ್ತವೆ. ಬಣ್ಣದಿಂದ ಏನೂ ಆಗುವುದಿಲ್ಲ, ಯಾವ ದೋಣಿಯಾದರೂ ನಡೆಯುತ್ತದೆ. ಆ ಹುಡುಗಿಗೆ ಹೇಳಿ, ಬಲಕ್ಕೆ ಉದ್ದಕ್ಕೆ ಎಳೆಯಲಿ, ಆಮೇಲೆ ಎಡಕ್ಕೆ ಗಿಡ್ಡದಾಗಿ ಎರಡು, ಒಂದು ಉಸಿರು ಬಿಟ್ಟು ಮತ್ತೆ ಬಲಕ್ಕೆ ಜೋರಾಗಿ. ಗಟ್ಟಿ ಭುಜದವಳಿಗೆ ಮೊದಲು ಕಷ್ಟವಾಗುತ್ತದೆ, ಬೈಯಬೇಡಿ, ಕಲಿಯುತ್ತಾಳೆ. ಕಲಿತ ಮೇಲೆ ನಿಮಗೆ ಮೀನು ಸಿಗುತ್ತದೆ, ಯಜಮಾನ ನಿಮ್ಮನ್ನು ಬಿಡುವುದಿಲ್ಲ, ಸೋತು ಈ ಮನೆಗೆ ಬರುವ ಗತಿ ನಿಮಗಿರುವುದಿಲ್ಲ. ನಿಮ್ಮಮ್ಮ ಏನೂ ಹೇಳದೆ ನಿಮ್ಮನ್ನು ಸೋಲಿಸಿಯಾದರೂ ಕರೆಸಿಕೊಳ್ಳಬೇಕೆಂದಿದ್ದಾರೆ. ಅವರಿಗೆ ಮಗ ಬೇಕು. ನೀವು ಬಂದರೆ ನಾನು ಮತ್ತೆ ಬಾಯಿ ಮುಚ್ಚಿ ಮುಂದೆ ಕೂರಬೇಕು, ನನ್ನಿಂದ ಆಗುವುದಿಲ್ಲ. ಅವರಿಗೆ ಮೋಸ ಮಾಡುತ್ತಿದ್ದೇನೆ ಎಂದು ಗೊತ್ತು. ಅಲ್ಲೇ ಗೆದ್ದು ಅಲ್ಲೇ ಇರಿ. ಅಮ್ಮನಿಗೆ ಮಾತ್ರ ತಪ್ಪದೆ ಕಾಗದ ಹಾಕುತ್ತಿರಿ. ಮುಂದಿನ ವಾರ ಅವರಿಗೆ ಓದುವ ಕನ್ನಡಕ ಬರುತ್ತದೆ, ಆಮೇಲೆ ನಿಮ್ಮ ಕಾಗದ ನಾನು ಓದಬೇಕಾಗಿಲ್ಲ.